ಹಳೆಯ ಗೇಮಿಂಗ್ ಪಿಸಿ ನಿಜಕ್ಕೂ ಬಿಟ್ಟಿಯೇ?

ಮೂಲೆ ಸೇರಿದ ಗೇಮಿಂಗ್ ಕಂಪ್ಯೂಟರನ್ನು ಟಿ.ವಿ.ಗೆ ಜೋಡಿಸಿ ಹೋಮ್ ಥಿಯೇಟರ್ ಮಾಡಿಕೊಳ್ಳುತ್ತೇನೆ ಎನ್ನುವವರೆಲ್ಲ ಹೇಳುವುದು ಒಂದೇ ಮಾತು: ‘ಹೇಗೂ ಮನೆಯಲ್ಲಿ ಬಿದ್ದಿದೆ, ಖರ್ಚೇನಿಲ್ಲವಲ್ಲ.’ ನನ್ನ ತಕರಾರು ಇರುವುದೇ ಈ ಮಾತಿನ ಮೇಲೆ. ಏಳೆಂಟು ವರ್ಷದ ಹಿಂದೆ ಅದಕ್ಕೆ ಸುರಿದ ದುಡ್ಡು ಹೋಯಿತು, ಅದನ್ನು ಈಗ ಲೆಕ್ಕಕ್ಕೆ ಎಳೆಯುವುದು ಬೇಡ. ಲೆಕ್ಕಕ್ಕೆ ಬರಬೇಕಾದದ್ದು ಇವತ್ತು ಮಾರಿದರೆ ಕೈಗೆ ಸಿಗುವ ಹಣ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು ಎಂಟು ಸಾವಿರಕ್ಕೆ ಕೇಳಿದರು ಎಂದುಕೊಳ್ಳಿ. ಅದನ್ನು ಬೇಡವೆಂದು ಮನೆಗೆ ತಂದವರು ಎಂಟು ಸಾವಿರ ತೆತ್ತು ಹೋಮ್ ಥಿಯೇಟರ್ ಪಿಸಿ ಕೊಂಡಂತೆಯೇ. ಬರೀ ಓಟಿಟಿ ನೋಡುವುದಕ್ಕಾದರೆ ಅದಕ್ಕಿಂತ ಕಡಿಮೆಗೆ ಟಿ.ವಿ.ಯ ಹಿಂದೆ ಚುಚ್ಚುವ ಸ್ಟಿಕ್ ಬರುತ್ತದೆ, ಐದು ವಾಟ್‌ನ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ.

ಹಾಗಾದರೆ ಮಾರಿಬಿಡುವುದೇ? ಪೂರ್ತಿ ಅಲ್ಲ. ಒಂದು ಮಾದರಿ ಇಟ್ಟುಕೊಂಡು ನೋಡೋಣ: 2017ರ ಐ5-7500 ಪ್ರೊಸೆಸರ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. ಆ ಕಾಲದಲ್ಲಿ ನಮ್ಮ ಹುಡುಗರು ಕಟ್ಟಿಸಿಕೊಂಡ ಎಷ್ಟೋ ಯಂತ್ರಗಳು ಹೆಚ್ಚೂಕಡಿಮೆ ಇದೇ ಬಗೆಯವು. ಇದರಲ್ಲಿ ಸುಲಭವಾಗಿ ಗಿರಾಕಿ ಸಿಗುವುದು ಕಾರ್ಡಿಗೆ. ಹಳೆಯ ಮದರ್‌ಬೋರ್ಡ್, ಕ್ಯಾಬಿನೆಟ್, ಕರೆಂಟು ಒದಗಿಸುವ ಎಸ್‌ಎಂಪಿಎಸ್ ಬಿಡಿಬಿಡಿಯಾಗಿ ಮಾರಲು ಹೊರಟರೆ ಅಂಗಡಿಯವರು ಮುಖ ತಿರುಗಿಸುತ್ತಾರೆ. ಸಿನಿಮಾ ನೋಡುವವರಿಗೆ ಇದು ಅನುಕೂಲವೇ, ಏಕೆಂದರೆ ಅವರಿಗೆ ಕಾರ್ಡ್ ಬೇಕಿಲ್ಲ. ಐ5-7500ರ ಒಳಗೇ ಇರುವ ಗ್ರಾಫಿಕ್ಸ್ 10 ಬಿಟ್ ಎಚ್‌ಇವಿಸಿ ಮತ್ತು ವಿಪಿ9 ವಿಡಿಯೊಗಳನ್ನು ತಾನೇ ಬಿಡಿಸಿ ತೋರಿಸುತ್ತದೆ. ಎವಿ1 ಎಂಬ ಹೊಸ ಬಗೆಯ ಕೋಡೆಕ್‌ಗೆ ಅದರಲ್ಲಿ ಹಾರ್ಡ್‌ವೇರ್ ನೆರವಿಲ್ಲ ನಿಜ, ಆದರೆ ಜಿಟಿಎಕ್ಸ್ 1060ರಲ್ಲಿಯೂ ಇಲ್ಲ. ಒಂದು ಕಡೆ ಮಾತ್ರ ಕಾರ್ಡ್ ಮೇಲು. ಆ ಪೀಳಿಗೆಯ ಬಹುತೇಕ ಮದರ್‌ಬೋರ್ಡ್‌ಗಳ ಎಚ್‌ಡಿಎಂಐ ಕಿಂಡಿ 4ಕೆ ಚಿತ್ರವನ್ನು ಸೆಕೆಂಡಿಗೆ 30 ಫ್ರೇಮ್‌ವರೆಗೆ ಮಾತ್ರ ಕಳಿಸುತ್ತದೆ, ಕಾರ್ಡಿನ ಕಿಂಡಿ 60 ಕಳಿಸುತ್ತದೆ. ಸಿನಿಮಾ ತೆಗೆಯುವುದೇ 24 ಫ್ರೇಮ್‌ನಲ್ಲಿ, ಹಾಗಾಗಿ ಚಿಂತೆಯಿಲ್ಲ. ಕ್ರಿಕೆಟ್‌ ಹುಚ್ಚಿನವರು ಮಾತ್ರ ಯೋಚಿಸಲಿ. ಇನ್ನೊಂದು ಎಚ್ಚರಿಕೆ: ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಚಿಪ್‌ಗಳಲ್ಲಿ, ಆ ಕಾಲದ ಸಾಮಾನ್ಯ ರೈಜನ್‌ಗಳಲ್ಲಿ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಅಂಥ ಚಿಪ್ ಇರುವವರು ಕಾರ್ಡ್ ಮಾರಿದರೆ ಪರದೆಯೇ ಕಪ್ಪು.

ಕಾರ್ಡ್ ಮಾರಿ ಉಳಿದದ್ದನ್ನು ಇಟ್ಟುಕೊಂಡಾಗ ಮಾತ್ರ ‘ಖರ್ಚಿಲ್ಲ’ ಎಂಬ ಮಾತಿಗೆ ಅರ್ಥ ಬರುತ್ತದೆ. ಆದರೂ ಆ ಉಳಿದದ್ದರಿಂದ ಏನು ಕೆಲಸ ಎಂಬ ಪ್ರಶ್ನೆ ಇದೆ. ಓಟಿಟಿಗೆ ಅದು ಒಗ್ಗುವುದಿಲ್ಲ. ಸಾಮಾನ್ಯವಾಗಿ ಆ ಸೇವೆಗಳು 4ಕೆ ಚಿತ್ರ ಕೊಡುವುದು ತಾವು ಒಪ್ಪಿದ ಸಾಧನಗಳಿಗೆ ಮಾತ್ರ. ದುಬಾರಿ ಚಂದಾ ಕಟ್ಟಿಯೂ ಕಂಪ್ಯೂಟರಿನ ಬ್ರೌಸರ್‌ನಲ್ಲಿ, ಅದರಲ್ಲೂ ಲಿನಕ್ಸ್‌ನಲ್ಲಿ, ಇಳಿಸಿದ ಗುಣಮಟ್ಟವನ್ನೇ ನೋಡಬೇಕಾಗಬಹುದು. ಪಿಸಿಯ ಉಪಯೋಗ ಇರುವುದು ಸ್ವಂತ ಸಂಗ್ರಹ ಇರುವವರಿಗೆ: ಮದುವೆ-ಮುಂಜಿಯ ಡಿವಿಡಿಗಳು, ಇಪ್ಪತ್ತು ವರ್ಷದ ಫೋಟೊಗಳು, ಯಾವ ಓಟಿಟಿಯಲ್ಲೂ ಸಿಗದ ಹಳೆಯ ಕನ್ನಡ ಚಿತ್ರಗಳ ಕೊಂಡ ವಿಸಿಡಿಗಳು. ಡಿವಿಡಿ ಡ್ರೈವ್ ಒಂದನ್ನು ಸಿಕ್ಕಿಸಿ ಇವನ್ನೆಲ್ಲ ಡಿಸ್ಕಿಗೆ ಇಳಿಸಿ, ಕೋಡಿ ಎಂಬ ಉಚಿತ ತಂತ್ರಾಂಶದಲ್ಲಿ ಜೋಡಿಸಿಟ್ಟರೆ ಸ್ಟಿಕ್‌ಗೆ ಆಗದ ಕೆಲಸವಾಗುತ್ತದೆ. ಅಂಥ ಸಂಗ್ರಹ ಇಲ್ಲದವರು ಇಡೀ ಯಂತ್ರವನ್ನೇ ಮಾರುವುದು ವಾಸಿ.

ಕರೆಂಟಿನದು ಬೇರೆಯದೇ ಲೆಕ್ಕ. ಡಿಸ್ಕ್‌ಗಳೂ ಸೇರಿ ಯಂತ್ರ 60 ವಾಟ್ ಎಳೆಯುತ್ತದೆ, ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿಯೋಣ. ಸಂಜೆ ನಾಲ್ಕು ಗಂಟೆ ಹಚ್ಚಿ ಆರಿಸಿದರೆ ತಿಂಗಳಿಗೆ 7 ಯೂನಿಟ್ ಚಿಲ್ಲರೆ, ಅಂದರೆ 43 ರೂಪಾಯಿ. ಆದರೆ ಕೋಡಿಯಿಂದ ಶುರುಮಾಡಿದವರು ಮೆಲ್ಲಗೆ ಜೆಲ್ಲಿಫಿನ್ ಎಂಬ ಸರ್ವರ್ ತಂತ್ರಾಂಶ ಹಾಕಿ, ಫೋನಿನಲ್ಲೂ ನೋಡಬೇಕೆಂದು ಯಂತ್ರವನ್ನು ಹಗಲಿರುಳೂ ಹಚ್ಚಿಡುತ್ತಾರೆ. ಆಗ 43 ಯೂನಿಟ್, ಸುಮಾರು 260 ರೂಪಾಯಿ. ‘ನಮಗೆ ಗೃಹಜ್ಯೋತಿ ಇದೆ, ಕರೆಂಟು ಬಿಟ್ಟಿ’ ಎನ್ನುವವರೇ ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಆ ಯೋಜನೆಯ ಮಿತಿ ನಿಗದಿಯಾದದ್ದು 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ. ಸರಾಸರಿ 150 ಇದ್ದ ಮನೆಗೆ 165 ಯೂನಿಟ್ ಉಚಿತ. ಈಗಿನ ಬಳಕೆ 160 ಇದ್ದರೆ, ಸಂಜೆಯ 7 ಸೇರಿ 167 ಆಗುತ್ತದೆ, ಎರಡು ಯೂನಿಟ್ಟಿನ ದುಡ್ಡು ಕಟ್ಟಿದರೆ ಮುಗಿಯಿತು. ಹಗಲಿರುಳಿನ 43 ಸೇರಿದರೆ 203. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಮನೆಯವರದೇ. 260 ರೂಪಾಯಿಯ ಸರ್ವರ್ 1,200ಕ್ಕೂ ಮೇಲಿನ ಬಿಲ್ಲು ತರುತ್ತದೆ, ನಿಗದಿತ ಶುಲ್ಕ ಬೇರೆ.

‘ಹೊಸ ಮಿನಿ ಪಿಸಿ ಕೊಂಡರೆ ಕರೆಂಟು ಉಳಿಯುತ್ತದೆ’ ಎಂಬ ವಾದವೂ ಇದೆ. ಹಗಲಿರುಳು ಓಡಿಸುವವರಿಗೆ ಸರಿ. ಸಂಜೆ ಮಾತ್ರ ಹಚ್ಚುವವರಿಗೆ ತಿಂಗಳಿಗೆ ಉಳಿಯುವುದು ಮೂವತ್ತೋ ಮೂವತ್ತೈದೋ ರೂಪಾಯಿ. ಹತ್ತಾರು ಸಾವಿರದ ಯಂತ್ರದ ದುಡ್ಡು ಅದರಿಂದ ಹುಟ್ಟುವ ಹೊತ್ತಿಗೆ ಅದೂ ಹಳೆಯದಾಗಿರುತ್ತದೆ. ‘ವಿಂಡೋಸ್ 10ಕ್ಕೆ ಬೆಂಬಲ ಮುಗಿಯಿತಲ್ಲ’ ಎನ್ನುವುದು ಇನ್ನೂ ಗಟ್ಟಿಯಾದ ಆಕ್ಷೇಪ. 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ಬೆಂಬಲ ನಿಂತಿತು, ಏಳನೇ ಪೀಳಿಗೆಯ ಐ5ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಆದರೆ ಕೋಡಿಗೆಂದೇ ಮಾಡಿದ ಲಿಬ್ರೆಲೆಕ್ ಎಂಬ ಕಾರ್ಯಾಚರಣ ವ್ಯವಸ್ಥೆ ಉಚಿತ, ಹಗುರ. ನೆಟ್‌ಬ್ಯಾಂಕಿಂಗನ್ನು ಮಾತ್ರ ಈ ಯಂತ್ರದ ಹತ್ತಿರ ತರಬೇಡಿ.

ನನಗೆ ಉತ್ತರ ಸಿಗದ ಆಕ್ಷೇಪ ರಿಮೋಟಿನದು. ಟಿ.ವಿ.ಯ ರಿಮೋಟ್ ಸ್ಟಿಕ್ಕನ್ನು ಆಳುವಂತೆ ಪಿಸಿಯನ್ನು ಆಳುವುದಿಲ್ಲ, ಅದಕ್ಕೆ ಬೇಕಾದ ಸಂಕೇತವನ್ನು ಸಾಮಾನ್ಯ ಪಿಸಿಯ ಎಚ್‌ಡಿಎಂಐ ಕೇಳಿಸಿಕೊಳ್ಳುವುದೇ ಇಲ್ಲ. ಪುಟ್ಟ ವೈರ್‌ಲೆಸ್ ಕೀಬೋರ್ಡ್ ಕೊಳ್ಳಬೇಕು, ಅಜ್ಜಿಗೆ ಅದನ್ನು ಕಲಿಸಬೇಕು. ಸೋಫಾ ಸಂದಿಯಲ್ಲಿ ಕಳೆದುಹೋಗುವ ಆ ಕೀಬೋರ್ಡ್ ಜೊತೆಗೆ ಸಣ್ಣದೊಂದು ಎಸ್‌ಎಸ್‌ಡಿ, ಧೂಳು ತೆಗೆಸಿ ಥರ್ಮಲ್ ಪೇಸ್ಟ್ ಹಚ್ಚಿಸಿದ ಕೂಲಿ, ಎಲ್ಲ ಸೇರಿದರೆ ಮೂರು ಸಾವಿರದ ಬಾಬತ್ತು. ಎಸ್‌ಎಂಪಿಎಸ್‌ಗೂ ಯಂತ್ರದಷ್ಟೇ ವಯಸ್ಸು. ಅಗ್ಗದ್ದಾದರೆ ಕೆಡುವಾಗ ಡಿಸ್ಕನ್ನೂ ಜೊತೆಗೆ ಕರೆದೊಯ್ಯಬಹುದು, ಆ ಡಿಸ್ಕಿನಲ್ಲಿರುವುದು ಮತ್ತೆಲ್ಲೂ ಸಿಗದ ಮದುವೆಯ ವಿಡಿಯೊ. ಹಾಗಾಗಿ ಕಾರ್ಡ್ ಮಾರಿ ಬಂದ ಹಣದಲ್ಲಿ ಮೊದಲು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಂಡು, ಪ್ರತಿ ತೆಗೆದು ಬೀರುವಿನಲ್ಲಿಡಿ. ಕೀಬೋರ್ಡ್, ಎಸ್‌ಎಸ್‌ಡಿ ಎಲ್ಲ ಆಮೇಲೆ.