ಇ-ಮೇಲ್ ವೈರಸ್: ಫೈಲಿನ ಬಾಲ ನೋಡಿ ತೆರೆಯಿರಿ

ಶಿಕ್ಷಕ ಬಂಧುಗಳೇ, ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಏನೇನಿದೆ, ಒಮ್ಮೆ ಲೆಕ್ಕ ಹಾಕಿ. ಹತ್ತನೇ ತರಗತಿಯ ನಾಮಿನಲ್ ರೋಲ್, ಅಂಕಪಟ್ಟಿ, ಮಕ್ಕಳ ಆಧಾರ್ ವಿವರ, ನೀವೇ ಕೂತು ಕನ್ನಡದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ. ನಮ್ಮ ಗಡಿಭಾಗದಲ್ಲಿ ಕನ್ನಡ ಸಾಮಗ್ರಿ ಹೋದರೆ ಪಕ್ಕದ ಶಾಲೆಯಲ್ಲಿ ಸಿಗುವುದೂ ಕಷ್ಟ. ಇಷ್ಟನ್ನೂ ಹಾಳುಮಾಡಲು ಒಂದು ಇ-ಮೇಲ್ ಸಾಕು.

ವೈರಸ್ ಎಂದರೆ ಯಾರೋ ಬರೆದ ಒಂದು ಪ್ರೋಗ್ರಾಂ, ಅಷ್ಟೇ. ಜೀವಶಾಸ್ತ್ರದ ವೈರಸ್ ಜೀವಕೋಶದ ಹೊರಗೆ ವೃದ್ಧಿಯಾಗುವುದಿಲ್ಲ. ಹಾಗೆಯೇ ಇ-ಮೇಲ್ ಜೊತೆ ಬಂದ ವೈರಸ್ ಫೈಲು ಸಾಮಾನ್ಯವಾಗಿ ಯಾರಾದರೂ ತೆರೆಯುವವರೆಗೆ ಸುಮ್ಮನೆ ಬಿದ್ದಿರುತ್ತದೆ. ಬಾಗಿಲು ತೆಗೆಯುವುದು ನಮ್ಮ ಕೈಯೇ.

2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯು’ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಜೊತೆಗಿದ್ದ ಫೈಲಿನ ಹೆಸರಿನಲ್ಲಿ ‘ಟಿಎಕ್ಸ್‌ಟಿ’ ಅಂತ ಇತ್ತು. ಅಂದರೆ ಬರೀ ಬರಹ. ಆದರೆ ಅದರಾಚೆ ‘ವಿಬಿಎಸ್’ ಎಂಬ ಇನ್ನೊಂದು ಬಾಲವಿತ್ತು, ಅಂದರೆ ಪ್ರೋಗ್ರಾಂ. ವಿಂಡೋಸ್ ಕೊನೆಯ ಬಾಲವನ್ನು ತೋರಿಸುತ್ತಿರಲಿಲ್ಲ. ಜನ ಪತ್ರವೆಂದು ತೆರೆದರು. ಅದು ಫೋಟೋ ಫೈಲುಗಳನ್ನು ಕೆಡಿಸಿ, ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ತಾನೇ ಹೋಯಿತು. ಪರಿಚಯದವರ ಹೆಸರಲ್ಲೇ ಬಂದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಇದು ಹಳೇ ಕಥೆ ಅನ್ನಬೇಡಿ. 2017ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ‘ಲಾಕಿ’ ಬಗ್ಗೆ ಎಚ್ಚರಿಸಿತು. ಆ ಮೇಲ್‌ಗಳ ವಿಷಯ ‘ಪ್ಲೀಸ್ ಪ್ರಿಂಟ್’, ‘ಡಾಕ್ಯುಮೆಂಟ್ಸ್’ ಎಂದಿರುತ್ತಿತ್ತು. ಎಂಇಒ ಆಫೀಸಿನ ಮೇಲ್ ಅಂತಲೇ ಅನ್ನಿಸುವುದಿಲ್ಲವೇ? ತೆರೆದರೆ ಫೈಲುಗಳಿಗೆಲ್ಲ ಬೀಗ. ಬಿಡಿಸಲು ದುಡ್ಡು ಕೇಳುತ್ತಿತ್ತು.

ತರಗತಿಯಲ್ಲಿ ಮಾಡಿ ನೋಡಿ: ನೋಟ್‌ಪ್ಯಾಡ್‌ನಲ್ಲಿ ‘ಪಾಠ’ ಎಂಬ ಫೈಲು ಮಾಡಿ. ಫೋಲ್ಡರಿನ ‘ವ್ಯೂ’ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬಲ್ಲಿ ಟಿಕ್ ಹಾಕಿ, ತೆಗೆಯಿರಿ. ಬಾಲ ಕಾಣುವುದನ್ನೂ ಮಾಯವಾಗುವುದನ್ನೂ ಮಕ್ಕಳೇ ನೋಡಲಿ. ಆಮೇಲೆ ಟಿಕ್ ಹಾಗೇ ಇರಲಿ.

ರೂಢಿ ಮಾಡಿಕೊಳ್ಳಬೇಕಾದವು

1. ಕೊನೆಯ ಬಾಲ ‘ಇಎಕ್ಸ್‌ಇ’, ‘ವಿಬಿಎಸ್’, ‘ಜೆಎಸ್’ ಆಗಿದ್ದರೆ ಮುಟ್ಟಲೇಬೇಡಿ. ‘ಜಿಪ್’ ಒಳಗೆ ಇವು ಅಡಗಿರಬಹುದು.
2. ನೀವು ಕೇಳದ ಫೈಲು ಬಂದರೆ ಕಳಿಸಿದವರಿಗೆ ಫೋನ್ ಮಾಡಿ. “ಸಾರ್, ಇದು ನೀವು ಕಳಿಸಿದ್ದೇನ್ರಿ?” ಅಂದರೆ ಮುಗಿಯಿತು.
3. ವರ್ಡ್, ಎಕ್ಸೆಲ್ ಫೈಲು ‘ಎನೇಬಲ್ ಕಂಟೆಂಟ್’ ಎಂದು ಕೇಳಿದರೆ ಒತ್ತಬೇಡಿ.
4. ವಿಂಡೋಸ್ ಅಪ್‌ಡೇಟ್ ಮುಂದೂಡಬೇಡಿ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ನೆಟ್‌ವರ್ಕ್ ಮೂಲಕವೇ ಹರಡಿ ಆಂಧ್ರ ಪೊಲೀಸರ ಕಂಪ್ಯೂಟರುಗಳನ್ನೂ ಬಾಧಿಸಿತು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು.
5. ವಾರಕ್ಕೊಮ್ಮೆ ಮುಖ್ಯ ಫೈಲುಗಳ ಪ್ರತಿ ತೆಗೆದು, ಆ ಪೆನ್‌ಡ್ರೈವನ್ನು ಕಳಚಿ ಬೀರುವಿನಲ್ಲಿಡಿ. ಸಿಕ್ಕಿಸಿಯೇ ಬಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ. 2009ರ ತುಂಗಭದ್ರೆಯ ಪ್ರವಾಹ ಕಂಡ ನಾಗಲದಿನ್ನೆ ಸೀಮೆಯವರಿಗೆ, ಬೆಲೆಬಾಳುವುದನ್ನು ನೀರು ಮುಟ್ಟದ ಕಡೆ ಇಡಬೇಕೆಂದು ಹೇಳಿಕೊಡಬೇಕಿಲ್ಲ.

ಅಕಸ್ಮಾತ್ ತೆರೆದುಬಿಟ್ಟರೆ? ತಕ್ಷಣ ಇಂಟರ್‌ನೆಟ್ ತಂತಿ ಕೀಳಿ, ವೈಫೈ ಆರಿಸಿ. ಪೆನ್‌ಡ್ರೈವ್ ಹಾಕಬೇಡಿ. ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಮುಖ್ಯವಾಗಿ, ಮುಚ್ಚಿಡಬೇಡಿ, ನಿಮ್ಮ ಹೆಸರಲ್ಲಿ ಮೇಲ್ ಪಡೆಯುವ ಮುಂದಿನ ಶಾಲೆಗೆ ಮೊದಲು ತಿಳಿಸಿ.