ಐಹೊಳೆಯ ಬೆಟ್ಟದ ಮೇಲಿನ ಮೇಗುತಿ

ಐಹೊಳೆಯ ಬಹುಪಾಲು ಗುಡಿಗಳ ಕಾಲವನ್ನು ಶೈಲಿಯಿಂದ ಊಹಿಸಬೇಕಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಈ ಊರಿನ ಬೆಟ್ಟದ ಮೇಲಿರುವ ಮೇಗುತಿ ಜಿನಾಲಯವು ಮಾತ್ರ ತಾನು ಹುಟ್ಟಿದ ವರ್ಷವನ್ನು ಗೋಡೆಯಲ್ಲೇ ಹೊತ್ತು ನಿಂತಿದೆ. ‘ಮೇಗಣ ಗುಡಿ’ಯೇ ಜನರ ಬಾಯಲ್ಲಿ ಮೇಗುತಿಯಾಯಿತೆನ್ನುತ್ತಾರೆ.

ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ರವಿಕೀರ್ತಿಯು ಶಕವರ್ಷ 556ರಲ್ಲಿ, ಅಂದರೆ ಕ್ರಿ.ಶ. 634-35ರಲ್ಲಿ, ಇದನ್ನು ಕಟ್ಟಿಸಿದನು. ಪೂರ್ವದ ಹೊರಗೋಡೆಯ ಮೇಲಿನ 19 ಸಾಲುಗಳ ಶಾಸನವೂ ಅವನದೇ ರಚನೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಪುಲಕೇಶಿಯ ವಿಜಯಗಳನ್ನೂ ಹರ್ಷವರ್ಧನನ ಸೋಲನ್ನೂ ವರ್ಣಿಸಿದ ಕವಿ, ಕಡೆಗೆ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಗಳ ಕೀರ್ತಿಗೆ ಸರಿಗಟ್ಟುತ್ತಾನೆ. ಈ ಆತ್ಮಪ್ರಶಂಸೆ ನಮಗೆ ಉಪಕಾರವನ್ನೇ ಮಾಡಿದೆ. ಆ ಇಬ್ಬರೂ 634ಕ್ಕೆ ಮೊದಲೇ ಪ್ರಸಿದ್ಧರಾಗಿದ್ದರೆಂಬುದು ಇದರಿಂದ ನಿಶ್ಚಯವಾಯಿತು.

ಕಾಂಬೋಡಿಯದಲ್ಲಿ ಖ್ಮೇರ್ ಅರಸ ಯಶೋವರ್ಮನು ಬಖೇಂಗ್ ಬೆಟ್ಟದ ಮೇಲೆ ಶಿವಾಲಯವನ್ನು ಕಟ್ಟಿಸಿದ್ದು ಇದಾದ ಸುಮಾರು ಎರಡೂವರೆ ಶತಮಾನಗಳ ನಂತರ. ಅಲ್ಲಿ ಬೆಟ್ಟವನ್ನೇ ಹಂತಹಂತವಾಗಿ ಕಡಿದು ಮೇರುಪರ್ವತವಾಗಿಸಿದರು. ಮೇಗುತಿಯಲ್ಲಿ ಅಂತಹ ಆಡಂಬರವಿಲ್ಲ.

ಗುಡಿ ಉತ್ತರಾಭಿಮುಖವಾಗಿದೆ. ಗರ್ಭಗೃಹದಲ್ಲಿ ಭಗ್ನವಾದ ಜಿನಮೂರ್ತಿ, ಸುತ್ತಲೂ ಪ್ರದಕ್ಷಿಣಾಪಥ, ಮೇಲಂತಸ್ತಿನಲ್ಲಿ ಇನ್ನೊಂದು ಗರ್ಭಗುಡಿ. ಹೊರಗೋಡೆಯ ಗೂಡುಗಳು ಬಹುತೇಕ ಬರಿದು. ಕೆತ್ತನೆಯ ಕೆಲಸ ಪೂರ್ಣಗೊಳ್ಳಲೇ ಇಲ್ಲ. ಇಲ್ಲಿನ ಸೊಗಸಾದ ಅಂಬಿಕೆಯ ಶಿಲ್ಪವನ್ನು ನೋಡಬಯಸುವವರು ಕೆಳಗಿಳಿದು ಊರಿನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಬೆಟ್ಟವನ್ನು ಬೆಳಿಗ್ಗೆ ಹತ್ತುವುದು ಲೇಸು. ಆಗ ಶಾಸನದ ಗೋಡೆಗೆ ಬಿಸಿಲು ಬಿದ್ದಿರುತ್ತದೆ.