ಸೋರಿಕೆ ಮುಚ್ಚಿ, ಬೇಡಿಕೆ ಗಳಿಸಿ: ಡಕ್ಟ್ ಕೆಲಸದ 7 ಯಶಸ್ಸಿನ ಸೂತ್ರಗಳು

ತುಮಕೂರಿನ ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರ್‌ನಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಲೋಕಾರ್ಪಣೆಯಾಯಿತು. ಕುಣಿಗಲ್‌ನ ಅಂಚೇಪಾಳ್ಯದಲ್ಲೂ ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆ, ಆಸ್ಪತ್ರೆ, ಕೋಲ್ಡ್ ಸ್ಟೋರೇಜ್ ಬಂದ ಕಡೆಯೆಲ್ಲ ಗಾಳಿ ಸಾಗಿಸುವ ಡಕ್ಟ್ ಅಥವಾ ಬಿಸಿ, ತಂಪು ಸಾಗಿಸುವ ಪೈಪ್ ಬರುತ್ತದೆ. ಅದನ್ನು ಸೋರದಂತೆ ಮುಚ್ಚಿ, ಸರಿಯಾಗಿ ಇನ್ಸುಲೇಷನ್ ಸುತ್ತುವ ಕೈ ಎಲ್ಲ ಕಡೆಗೂ ಬೇಕು. ಆ ಕೈ ನಿಮ್ಮದಾಗಲಿ.

1. ಮನೆಯ ತಾರಸಿಯಿಂದಲೇ ಶುರು ಮಾಡಿ.
ನಮ್ಮ ಮನೆಗಳಲ್ಲಿ ಹೀಟಿಂಗ್ ಡಕ್ಟ್ ಇಲ್ಲ, ಸೋಲಾರ್ ವಾಟರ್ ಹೀಟರ್ ಇದೆ. ಅದರ ಬಿಸಿನೀರಿನ ಪೈಪೇ ನಿಮ್ಮ ಮೊದಲ ಲ್ಯಾಬ್. ಹೋಗಿ ನೋಡಿ: ಕಪ್ಪು ಫೋಮ್ ಬಿಸಿಲಿಗೆ ಬಿರಿದು ಪುಡಿಯಾಗಿರುತ್ತದೆ, ಎಲ್ಬೋ ಹತ್ತಿರ ಪೈಪ್ ಬೋಳಾಗಿರುತ್ತದೆ. ಪೈಪಿನ ಹೊರ ಅಳತೆ ತೆಗೆದುಕೊಳ್ಳಿ. ಅದೇ ಅಳತೆಯ ನೈಟ್ರೈಲ್ ರಬ್ಬರ್ ಟ್ಯೂಬ್ ತನ್ನಿ. ಉದ್ದಕ್ಕೆ ಸೀಳಿ, ಪೈಪಿಗೆ ಹಾಕಿ, ಸೀಳು ಕೆಳಮುಖವಾಗಿರುವಂತೆ ತಿರುಗಿಸಿ ಅಂಟಿಸಿ. ಆಗ ಮಳೆನೀರು ಒಳಗೆ ಇಳಿಯುವುದಿಲ್ಲ. ಎಲ್ಬೋ ಬಂದ ಕಡೆ ಟ್ಯೂಬನ್ನು ಬಗ್ಗಿಸಬೇಡಿ, ಎರಡು ತುಂಡುಗಳನ್ನು 45 ಡಿಗ್ರಿಗೆ ಕತ್ತರಿಸಿ ಜೋಡಿಸಿ. ಬಿಸಿಲು ತಡೆಯಲು ಮೇಲೊಂದು ಅಲ್ಯೂಮಿನಿಯಂ ಹೊದಿಕೆ ಕೊಡಿ. ಟ್ಯಾಂಕಿನ ಪಕ್ಕ ಮೇಲಕ್ಕೆ ನಿಂತಿರುವ ಏರ್ ವೆಂಟ್ ಪೈಪಿನ ಬಾಯಿ ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ, ಒತ್ತಡ ಹೊರಹೋಗುವ ದಾರಿ ಅದು.
ಮನೆಯವರಿಗೆ ಸುಳ್ಳು ಭರವಸೆಯನ್ನೂ ಕೊಡಬೇಡಿ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ಬೆಳಗಿನ ಹೊತ್ತಿಗೆ ಹೇಗೂ ತಣ್ಣಗಾಗುತ್ತದೆ. ಒಬ್ಬರ ಸ್ನಾನ ಮುಗಿದು ಇನ್ನೊಬ್ಬರು ಬರುವ ನಡುವೆ ಪೈಪ್ ಬಿಸಿಯಾಗಿಯೇ ಉಳಿಯುವುದು, ಟ್ಯಾಂಕಿನಿಂದ ಬಚ್ಚಲಿಗೆ ಬರುವಷ್ಟರಲ್ಲಿ ನೀರು ಆರದಿರುವುದು: ಲಾಭ ಇಲ್ಲಿದೆ. ಇದನ್ನು ನೇರವಾಗಿ ಹೇಳುವ ಕೆಲಸಗಾರನನ್ನು ಜನ ಮತ್ತೆ ಕರೆಯುತ್ತಾರೆ.

2. ಮೊದಲು ಸೀಲ್ ಮಾಡಿ, ಆಮೇಲೆ ಸುತ್ತಿ.
ಈ ಕ್ರಮ ತಪ್ಪಿದರೆ ಉಳಿದದ್ದೆಲ್ಲ ದಂಡ. ಇನ್ಸುಲೇಷನ್ ಶಾಖವನ್ನು ತಡೆಯುತ್ತದೆ, ಸಂದಿಯಿಂದ ನುಗ್ಗುವ ಗಾಳಿಯನ್ನು ತಡೆಯುವುದಿಲ್ಲ. ಅಮೆರಿಕದ ಬಹಳಷ್ಟು ಮನೆಗಳಲ್ಲಿ ಫರ್ನೇಸ್‌ನ ಬಿಸಿಗಾಳಿ ಕೋಣೆಗಳಿಗೆ ಹೋಗುವುದು ಡಕ್ಟ್ ಮೂಲಕ. ಸಾಮಾನ್ಯ ಮನೆಯೊಂದರ ಡಕ್ಟ್‌ಗಳಲ್ಲಿ ಶೇ 20ರಿಂದ 30ರಷ್ಟು ಗಾಳಿ ಸೋರಿಕೆಯಿಂದಲೇ ಹಾಳಾಗುತ್ತದೆ ಎನ್ನುತ್ತದೆ ಅಲ್ಲಿನ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮ. ಇಲ್ಲಿನ ಎಸಿ ಡಕ್ಟ್‌ನಲ್ಲೂ ಗಾಳಿ ಹೀಗೆಯೇ ತಪ್ಪಿಸಿಕೊಳ್ಳುತ್ತದೆ. ಡಕ್ಟ್ ತುಂಡುಗಳು ಸೇರುವ ಫ್ಲ್ಯಾಂಜ್‌ನ ನಾಲ್ಕು ಮೂಲೆ ನೋಡಿ. ಕಾಲರ್ ಕೂರುವ ಜಾಗ ನೋಡಿ. ಗಾಳಿಯನ್ನು ನಿಯಂತ್ರಿಸುವ ಡ್ಯಾಂಪರ್‌ನ ರಾಡ್ ಹೊರಬರುವ ತೂತು ನೋಡಿ. ಫ್ಯಾನ್ ಓಡುತ್ತಿರುವಾಗ ಜಾಯಿಂಟ್ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ನೆಟ್ಟಗೆ ಏರದೆ ಒಂದು ಕಡೆ ಹಾರಿದರೆ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಇನ್ಸುಲೇಷನ್ ಅಂಟಿಸಿದ ಮೇಲೆ ಆ ತೂತು ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

3. ಬಟ್ಟೆ ಟೇಪ್ ನಂಬಬೇಡಿ.
ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಶಾಖಕ್ಕೆ ಮತ್ತೆ ಮತ್ತೆ ಒಡ್ಡಿದಾಗ ಸೋತದ್ದು ರಬ್ಬರ್ ಅಂಟಿನ ಬಟ್ಟೆ ಟೇಪ್. ಜಾಯಿಂಟ್‌ಗೆ ಬ್ರಷ್‌ನಲ್ಲಿ ಮ್ಯಾಸ್ಟಿಕ್ (ಸಂದಿ ಮುಚ್ಚುವ ಪೇಸ್ಟ್) ಬಳಿಯಿರಿ, ಅಥವಾ ಒಳ್ಳೆಯ ಅಲ್ಯೂಮಿನಿಯಂ ಫಾಯಿಲ್ ಟೇಪ್ ಹಾಕಿ. ಹಾಕುವ ಮೊದಲು ಧೂಳು, ಎಣ್ಣೆ ಒರೆಸಿ. ಕೊಳೆಯ ಮೇಲೆ ಯಾವ ಅಂಟೂ ನಿಲ್ಲದು.

4. ಬೆವರುವ ಡಕ್ಟ್‌ಗೆ ಕಾರಣ ಹುಡುಕಿ.
ಮಳೆಗಾಲದ ತೇವದ ಗಾಳಿ ತಣ್ಣನೆಯ ತಗಡಿಗೆ ತಾಗಿದರೆ ನೀರಾಗುತ್ತದೆ. ಫಾಲ್ಸ್ ಸೀಲಿಂಗ್ ಮೇಲೆ ಕಂದು ಕಲೆ ಮೂಡಿದಾಗ ಎಲ್ಲರೂ ತಾರಸಿಯನ್ನು ಬೈಯುತ್ತಾರೆ. ನೀವು ಇನ್ಸುಲೇಷನ್ ಜಾಯಿಂಟ್ ಬಿಚ್ಚಿಕೊಂಡಿದೆಯೇ ಎಂದು ನೋಡಿ. ನೈಟ್ರೈಲ್ ಶೀಟನ್ನು ಎಳೆದು ಅಂಟಿಸಬೇಡಿ, ಅದು ಕುಗ್ಗಿದಾಗ ಸಂದಿ ಬಾಯಿಬಿಡುತ್ತದೆ. ಅಂಟನ್ನು ತಗಡಿಗೂ ಶೀಟಿಗೂ ಬಳಿದು, ಬೆರಳಿಗೆ ಹತ್ತದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಿ. ಅವಸರವೇ ಇಲ್ಲಿನ ದೊಡ್ಡ ಶತ್ರು.

5. ಅಳತೆಗಳು ಬಾಯಲ್ಲಿರಲಿ.
24 ಗೇಜ್ ಜಿಐ (ಸತು ಲೇಪಿತ) ಶೀಟ್ ಎಂದರೆ 0.63 ಮಿ.ಮೀ., 22 ಗೇಜ್ ಎಂದರೆ 0.8 ಮಿ.ಮೀ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ. ಡಕ್ಟ್‌ಗಳಿಗೆ ನಮ್ಮ ದೇಶದ ಮಾನದಂಡ ಐಎಸ್ 655. ಸೂಪರ್‌ವೈಸರ್ ಕೇಳಿದ ಕೂಡಲೇ ಉತ್ತರ ಬಂದರೆ ನೀವು ಹೆಲ್ಪರ್ ಸಾಲಿನಿಂದ ಮುಂದೆ ಬರುತ್ತೀರಿ.

6. ‘ನನಗೆ ಇಂಗ್ಲಿಷ್ ಬರಲ್ಲ’ ಎನ್ನುವುದನ್ನು ಇವತ್ತೇ ಬಿಡಿ.
ಅದು ಬರೀ ಅಭ್ಯಾಸ, ಅಡ್ಡಿಯಲ್ಲ. ಡಕ್ಟ್ ಡ್ರಾಯಿಂಗ್‌ನಲ್ಲಿರುವುದು ಬಹುಪಾಲು ಅಂಕಿ ಮತ್ತು ಗುರುತು. ಎಸ್‌ಎ ಎಂದರೆ ಸಪ್ಲೈ ಏರ್, ಆರ್‌ಎ ಎಂದರೆ ರಿಟರ್ನ್ ಏರ್. ದಿನಕ್ಕೆ ಐದು ಪದ ಬರೆದುಕೊಳ್ಳಿ, ಸೈಟ್‌ನಲ್ಲಿ ಅವನ್ನೇ ಬಳಸಿ.

7. ಸರ್ಟಿಫಿಕೇಟ್ ಮಾಡಿಕೊಳ್ಳಿ, ಮೈ ಕಾಪಾಡಿಕೊಳ್ಳಿ.
ಎಸ್ಸೆಸ್ಸೆಲ್ಸಿ ಆಗಿದ್ದರೆ ಐಟಿಐನಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಟ್ರೇಡ್ ಎರಡು ವರ್ಷದ್ದು, ಶೀಟ್ ಮೆಟಲ್ ಟ್ರೇಡ್ ಒಂದು ವರ್ಷದ್ದು. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಗ್ಲಾಸ್ ವೂಲ್ (ಗಾಜಿನ ನೂಲಿನ ಇನ್ಸುಲೇಷನ್) ಮುಟ್ಟುವಾಗ ತುಂಬುತೋಳಿನ ಅಂಗಿ, ಗ್ಲೌಸ್, ಮಾಸ್ಕ್, ಕನ್ನಡಕ ಕಡ್ಡಾಯ. ‘ಏನಾಗಲ್ಲ ಬಿಡು’ ಎನ್ನುವವರ ಮಾತು ಕೇಳಬೇಡಿ, ಆ ನೂಲು ಚರ್ಮಕ್ಕೆ ಚುಚ್ಚಿ ಉರಿಸುತ್ತದೆ. ಪ್ರತಿ ಕೆಲಸಕ್ಕೂ ಮೂರು ಫೋಟೊ ತೆಗೆಯಿರಿ: ಬೋಳು ಜಾಯಿಂಟ್, ಸೀಲ್ ಆದ ಜಾಯಿಂಟ್, ಇನ್ಸುಲೇಷನ್ ಸುತ್ತಿದ ಜಾಯಿಂಟ್. ಇಂಟರ್‌ವ್ಯೂಗೆ ಹೋದಾಗ ಮೊದಲು ತೋರಿಸಬೇಕಾದದ್ದು ನಡುವಿನ ಫೋಟೊ. ಸುತ್ತಿದ ಮೇಲೆ ಯಾರಿಗೂ ಕಾಣದ ಕೆಲಸಕ್ಕೆ ಅದೊಂದೇ ಸಾಕ್ಷಿ.